ಸರ್ವರ್‌ಗಳನ್ನು ಸ್ಯಾನ್‌ನಿಂದ ಬೂಟ್ ಮಾಡಿಸುವ ಮುಂಚೆ, ಕರೆಂಟ್ ಹೋದ ರಾತ್ರಿಯನ್ನು ನೆನೆಸಿಕೊಳ್ಳಿ

ಪ್ರಶ್ನೆ: ಸಾಗರದಲ್ಲಿ ಒಂದು ಸಹಕಾರಿ ಸಂಸ್ಥೆಯ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಆರು ರ‍್ಯಾಕ್ ಸರ್ವರ್, ಎರಡು ಫೈಬರ್ ಚಾನಲ್ ಸ್ವಿಚ್, ಎರಡು ಕಂಟ್ರೋಲರ್ ಇರುವ ಒಂದು ಸ್ಟೋರೇಜ್, ಅಂದರೆ ಎಲ್ಲ ಸರ್ವರ್ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ, ಇದೆ. ಡೇಟಾ ಎಲ್ಲ ಸ್ಟೋರೇಜ್‌ನಲ್ಲೇ ಇದೆ, ಸರ್ವರ್ ಒಳಗಿನ ಡಿಸ್ಕ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಮಾತ್ರ. ಆ ಡಿಸ್ಕ್‌ಗಳು ಹಳೆಯವು, ಒಂದಾದ ಮೇಲೊಂದು ಕೈಕೊಡುತ್ತಿವೆ. ಡಿಸ್ಕ್ ತೆಗೆದುಹಾಕಿ ಆರನ್ನೂ ಸ್ಯಾನ್‌ನಿಂದಲೇ, ಅಂದರೆ ಆ ಸ್ವಿಚ್‌ಗಳ ಮೂಲಕ ಸ್ಟೋರೇಜ್‌ನಿಂದಲೇ, ಬೂಟ್ ಮಾಡಿ ಅಂತ ಸಲಹೆ ಬಂದಿದೆ. ಮಾಡಬಹುದಾ? ಮಾಡುವುದಾದರೆ ಮೊದಲು ಏನೇನು ಸಿದ್ಧ ಮಾಡಿಕೊಳ್ಳಬೇಕು?

ಉತ್ತರ: ಆರಕ್ಕೆ ಆರೂ ಬೇಡ ಮಾರಾಯ್ರೆ, ನಾಲ್ಕು ಸಾಕು. ಉಳಿದ ಎರಡಕ್ಕೆ ತಲಾ ಎರಡು ಚಿಕ್ಕ ಎಸ್‌ಎಸ್‌ಡಿ ತಂದು ಮಿರರ್ ಮಾಡಿ, ಅಂದರೆ ಎರಡರಲ್ಲೂ ಒಂದೇ ಪ್ರತಿ ಇರುವಂತೆ ಮಾಡಿ, ಹಾಕಿ. ನಿಮ್ಮ ಯಂತ್ರಗಳ ಹೆಸರು ಹುಡುಕಿಕೊಡುವ ಡಿಎನ್ಎಸ್, ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ, ಲಾಗಿನ್ ನೋಡಿಕೊಳ್ಳುವ ಡೊಮೈನ್ ಕಂಟ್ರೋಲರ್, ಸ್ವಿಚ್ ಮತ್ತು ಸ್ಟೋರೇಜ್ ಮ್ಯಾನೇಜ್ ಮಾಡುವ ಸಾಫ್ಟ್‌ವೇರ್, ಇವೆಲ್ಲ ಆ ಎರಡರಲ್ಲೇ ಇರಲಿ. ಯಾಕೆ ಅಂದರೆ ಸ್ಟೋರೇಜ್ ಯಾಕೆ ಕಾಣ್ತಿಲ್ಲ ಅಂತ ನೋಡಬೇಕಾದ ಸಾಫ್ಟ್‌ವೇರ್ ಅದೇ ಸ್ಟೋರೇಜ್‌ನಿಂದ ಬೂಟ್ ಆಗಬೇಕಾದ ಯಂತ್ರದಲ್ಲಿದ್ದರೆ, ಬೀಗದ ಕೈಯನ್ನು ಪೆಟ್ಟಿಗೆ ಒಳಗಿಟ್ಟು ಪೆಟ್ಟಿಗೆಗೆ ಬೀಗ ಹಾಕಿದಂತೆ.

ಒಂದು ರಾತ್ರಿಯ ಕಥೆ ಹೇಳುತ್ತೇನೆ, ತಪ್ಪು ನನ್ನದೇ. ಕೆಲವು ವರ್ಷದ ಹಿಂದೆ ತೀರ್ಥಹಳ್ಳಿ ಕಡೆ ಒಂದು ಕಚೇರಿಗೆ ಇಂಥದ್ದೇ ಸೆಟಪ್ ಮಾಡಿಕೊಟ್ಟಿದ್ದೆ. ಎಲ್ಲಾ ಚೆನ್ನಾಗಿತ್ತು, ಬೇಸಿಗೆ ಪೂರ್ತಿ ಒಂದು ಫೋನ್ ಬರಲಿಲ್ಲ. ಆಶ್ಲೇಷ ಮಳೆ ಹಿಡಿಯಿತು. ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಎರಡು ಗಂಟೆ ಎಳೆದು ಸುಸ್ತಾಯಿತು, ಜನರೇಟರ್‌ಗೆ ಡೀಸೆಲ್ ಹಾಕಬೇಕಾದವರು ಮಳೆಯಲ್ಲಿ ಬರಲಿಲ್ಲ. ಬೆಳಗಿನ ಜಾವ ಕರೆಂಟ್ ಬಂತು. ಐದೂವರೆಗೆ ನನ್ನ ಫೋನ್. "ಸಾರ್, ಎಲ್ಲಾ ಸರ್ವರ್ರೂ ಬೂಟ್ ಡಿವೈಸ್ ಇಲ್ಲ ಅಂತಿದಾವೆ, ಡೇಟಾ ಹೋಯ್ತಾ?" ವಾಟ್ಸಾಪ್‌ಗೆ ಕಪ್ಪು ಸ್ಕ್ರೀನಿನ ಫೋಟೋಗಳು, ಒಂದರ ಹಿಂದೆ ಒಂದು. ನಾನು ಶಿವಮೊಗ್ಗದಿಂದ ಹೊರಟೆ, ಮಂಡಗದ್ದೆ ಹತ್ತಿರ ಮರ ಬಿದ್ದು ಅರ್ಧ ಗಂಟೆ ನಿಂತೆ, ಹೊಟ್ಟೆಯೊಳಗೆ ಕಲ್ಲು ಇಟ್ಟುಕೊಂಡು ಹೋಗಿ ನೋಡಿದರೆ ಸ್ಟೋರೇಜ್‌ನ ದೀಪಗಳೆಲ್ಲ ಹಸಿರು. ಸರ್ವರ್ ಪವರ್ ಬಟನ್ ಒತ್ತಿದೆ. ಎದ್ದು ಕೂತಿತು. ಬೇರೇನೂ ಮಾಡಲಿಲ್ಲ, ಬಟನ್ ಒತ್ತಿದೆ ಅಷ್ಟೆ.

ಆಗಿದ್ದೇನು ಗೊತ್ತಾ? ಕರೆಂಟ್ ಬಂದಾಗ ಎಲ್ಲವೂ ಒಟ್ಟಿಗೇ ಆನ್ ಆದವು. ಸರ್ವರ್‌ಗೆ ಎದ್ದು ಡಿಸ್ಕ್ ಹುಡುಕಲು ಎರಡು ಮೂರು ನಿಮಿಷ ಸಾಕು. ಸ್ಟೋರೇಜ್ ಹಾಗಲ್ಲ, ಅದು ತನ್ನ ಡಿಸ್ಕ್‌ಗಳನ್ನೆಲ್ಲ ತಿರುಗಿಸಿ, ಕಂಟ್ರೋಲರ್ ಎರಡೂ ಒಂದನ್ನೊಂದು ಕಂಡುಕೊಂಡು, ಕ್ಯಾಶ್‌ನಲ್ಲಿ ಉಳಿದಿದ್ದನ್ನು ಬರೆದು ಮುಗಿಸಿ, ಆಮೇಲೆ ಬಾಗಿಲು ತೆಗೆಯುತ್ತದೆ. ಹತ್ತು ನಿಮಿಷ ಆಗಬಹುದು, ಇನ್ನೂ ಜಾಸ್ತಿ ಆಗಬಹುದು. ಅಷ್ಟರಲ್ಲಿ ಸರ್ವರ್ ಒಂದು ಸಲ ಬಾಗಿಲು ತಟ್ಟಿ, ಯಾರೂ ಇಲ್ಲ ಅಂತ ಬರೆದು, ಸುಮ್ನೆ ನಿಂತುಬಿಟ್ಟಿರುತ್ತದೆ. ಒಳಗೆ ಡಿಸ್ಕ್ ಇರುವ ಸರ್ವರ್‌ಗೆ ಈ ಸಮಸ್ಯೆಯೇ ಇಲ್ಲ, ಅದು ಮೊದಲು ತಾನು ಎದ್ದು ಆಮೇಲೆ ಸ್ಟೋರೇಜ್‌ಗೆ ಕಾಯುತ್ತದೆ. ಬೆಂಗಳೂರಿನ ದೊಡ್ಡ ಡೇಟಾ ಸೆಂಟರ್‌ನವರಿಗೆ ಇದು ಎಷ್ಟೋ ವರ್ಷಕ್ಕೊಮ್ಮೆ ಬರುವ ತಲೆನೋವು. ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಪಾಡು, ಅಲ್ವಾ? ಅದಕ್ಕೇ ನಾನು ಇನ್‌ಸ್ಟಾಲ್ ಮಾಡುವುದಕ್ಕಿಂತ ಮುಂಚೆ ಇದನ್ನು ಹೇಳಿದ್ದು. ಪರಿಹಾರಕ್ಕೆ ಆಮೇಲೆ ಬರುತ್ತೇನೆ.

ಈಗ ಸಿದ್ಧತೆ. ಮೊದಲ ಕೆಲಸ ಕಂಪ್ಯೂಟರ್‌ನಲ್ಲಲ್ಲ, ಕಾಗದದಲ್ಲಿ. ಪ್ರತಿ ಸರ್ವರ್‌ನಲ್ಲಿ ಅದನ್ನು ಫೈಬರ್ ಚಾನಲ್‌ಗೆ ಜೋಡಿಸುವ ಎಚ್‌ಬಿಎ ಕಾರ್ಡ್ ಇರುತ್ತದೆ, ಅದರ ಪ್ರತಿ ಪೋರ್ಟಿಗೂ ಡಬ್ಲ್ಯುಡಬ್ಲ್ಯುಪಿಎನ್ ಅಂತ 16 ಅಂಕಿ-ಅಕ್ಷರದ ಹೆಸರು ಇರುತ್ತದೆ. ಅದನ್ನು ಬರೆದುಕೊಳ್ಳಬೇಕು. ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಕಾರ್ಡಿಗೆ ಇನ್ನೊಂದು ಹೆಸರೂ ಇದೆ, ನೋಡ್ ಹೆಸರು, ಡಬ್ಲ್ಯುಡಬ್ಲ್ಯುಎನ್ಎನ್. ಎರಡೂ ನೋಡಲು ಅವಳಿ ಮಕ್ಕಳ ಹಾಗೆ. ಕ್ಯೂಲಾಜಿಕ್ ಕಾರ್ಡ್‌ನಲ್ಲಿ ಸಾಮಾನ್ಯವಾಗಿ ಪೋರ್ಟ್ ಹೆಸರು 21 ರಿಂದ ಶುರುವಾಗುತ್ತದೆ, ಎಮುಲೆಕ್ಸ್‌ನಲ್ಲಿ 10 ರಿಂದ. 20 ರಿಂದ ಶುರುವಾದದ್ದನ್ನು ಬರೆದುಕೊಂಡಿದ್ದರೆ ಅದು ನೋಡ್ ಹೆಸರು ಇರುವ ಸಂಭವವೇ ಜಾಸ್ತಿ, ಹರಿದು ಹಾಕಿ ಇನ್ನೊಮ್ಮೆ ನೋಡಿ. ಕೈಯಲ್ಲಿ ಬರೆಯುವವರು 8 ಮತ್ತು ಬಿ, 0 ಮತ್ತು ಡಿ ಅದಲು ಬದಲು ಮಾಡುವುದೂ ಉಂಟು. ಹಾಗಾಗಿ ಆಗುವಷ್ಟು ಕಾಪಿ-ಪೇಸ್ಟ್ ಮಾಡಿ. ಸರ್ವರ್‌ನ ಮ್ಯಾನೇಜ್‌ಮೆಂಟ್ ಪೋರ್ಟ್‌ನ ವೆಬ್ ಪುಟದಲ್ಲಿ, ಅಂದರೆ ಐಡ್ರ್ಯಾಕ್ ಅಥವಾ ಐಎಲ್ಒ ಥರದ್ದರಲ್ಲಿ, ಬಹಳಷ್ಟು ಸಲ ಈ ಹೆಸರು ಸಿಗುತ್ತದೆ.

ಸ್ವಿಚ್‌ನಲ್ಲೇ ನೋಡಿಕೊಳ್ಳೋಣ ಅಂದರೆ ಒಂದು ಕೊಕ್ಕೆ ಇದೆ. ಆಪರೇಟಿಂಗ್ ಸಿಸ್ಟಮ್ ಇಲ್ಲದ ಸರ್ವರ್‌ನ ಎಚ್‌ಬಿಎ ಸಾಮಾನ್ಯವಾಗಿ ಸ್ವಿಚ್‌ಗೆ ಲಾಗಿನ್ ಆಗಿರುವುದೇ ಇಲ್ಲ, ಡ್ರೈವರ್ ಲೋಡ್ ಆಗಬೇಕು ಅಥವಾ ಕಾರ್ಡಿನ ಸ್ವಂತ ಬೂಟ್ ಬಯಾಸ್ (ಸರ್ವರ್ ಏಳುವಾಗ ಡಿಸ್ಕ್ ಹುಡುಕಿಕೊಡುವ ಪುಟ್ಟ ಪ್ರೋಗ್ರಾಮ್) ಆನ್ ಇರಬೇಕು. ಸರ್ವರ್ ಎದ್ದೇಳುವಾಗ ಕಾರ್ಡಿನ ಸೆಟಪ್ ಮೆನು ಒಳಗೆ ಹೋಗಿ, ಬೂಟ್ ಬಯಾಸ್ ಎನೇಬಲ್ ಮಾಡಿ, ಟಾರ್ಗೆಟ್ ಸ್ಕ್ಯಾನ್, ಅಂದರೆ ಸ್ಟೋರೇಜ್ ಪೋರ್ಟುಗಳ ಹುಡುಕಾಟ, ಕೊಡಿ. ಏನೂ ಸಿಗುವುದಿಲ್ಲ, ಪರವಾಗಿಲ್ಲ. ಆದರೆ ಆ ಸ್ಕ್ಯಾನ್‌ಗೋಸ್ಕರ ಕಾರ್ಡು ಸ್ವಿಚ್‌ಗೆ ಲಾಗಿನ್ ಆಗುತ್ತದೆ, ಆಗ ಸ್ವಿಚ್‌ನ ನೇಮ್ ಸರ್ವರ್ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ಯಾವ ಕೇಬಲ್ ಯಾವ ಪೋರ್ಟಿಗೆ ಹೋಗಿದೆ ಅನ್ನುವುದೂ ಅದರ ಜೊತೆಗೇ ಖಾತ್ರಿ ಆಗುತ್ತದೆ.

ಆಮೇಲೆ ಝೋನಿಂಗ್. ತೋಟದ ಬೇಲಿಗೆ ಉಣುಗೋಲು ಇಡ್ತೀವಲ್ಲ, ಅದೇ ಕೆಲಸ. ಯಾವ ಸರ್ವರ್ ಪೋರ್ಟು ಯಾವ ಸ್ಟೋರೇಜ್ ಪೋರ್ಟಿನ ಜೊತೆ ಮಾತಾಡಬಹುದು ಅಂತ ಸ್ವಿಚ್‌ನಲ್ಲಿ ಹೇಳುವುದು. ಒಂದು ಝೋನ್‌ನಲ್ಲಿ ಒಂದೇ ಎಚ್‌ಬಿಎ ಪೋರ್ಟ್ ಇರಲಿ, ಎರಡು ಸರ್ವರ್‌ಗಳನ್ನು ಒಂದೇ ಝೋನ್‌ಗೆ ತುಂಬಬೇಡಿ. ಎರಡು ಸ್ವಿಚ್‌ಗಳನ್ನು ಒಂದಕ್ಕೊಂದು ಜೋಡಿಸಬೇಡಿ, ಎರಡು ಬೇರೆ ಬೇರೆ ಫ್ಯಾಬ್ರಿಕ್ (ಜಾಲ) ಆಗಿಯೇ ಇರಲಿ. ಆಗ ಒಂದರಲ್ಲಿ ಮಾಡಿದ ತಪ್ಪು ಇನ್ನೊಂದಕ್ಕೆ ಹಬ್ಬುವುದಿಲ್ಲ. ಝೋನ್ ಮಾಡಿ ಸೇವ್ ಕೊಟ್ಟರೆ ಮುಗಿಯಲಿಲ್ಲ, ಬ್ರೊಕೇಡ್ ಆದರೆ ಎನೇಬಲ್ ಮಾಡಬೇಕು, ಸಿಸ್ಕೊ ಆದರೆ ಝೋನ್‌ಸೆಟ್ ಆಕ್ಟಿವೇಟ್ ಮಾಡಬೇಕು. ಇದನ್ನು ಮರೆತು ಅರ್ಧ ದಿನ ಕೇಬಲ್ ಬದಲಾಯಿಸುತ್ತಾ ಕೂತವರಲ್ಲಿ ನಾನೂ ಒಬ್ಬ.

ಝೋನಿಂಗ್ ದಾರಿ ತೋರಿಸುತ್ತದೆ ಅಷ್ಟೆ. ಯಾವ ಲನ್, ಅಂದರೆ ಸ್ಟೋರೇಜ್ ಜಾಗದಲ್ಲಿ ಕತ್ತರಿಸಿ ಒಂದು ಡಿಸ್ಕ್‌ನಂತೆ ತೋರಿಸುವ ತುಂಡು, ಯಾರಿಗೆ ಕಾಣಬೇಕು ಅನ್ನುವುದು ಸ್ಟೋರೇಜ್ ಕಡೆಯ ಕೆಲಸ, ಅದಕ್ಕೆ ಮಾಸ್ಕಿಂಗ್ ಅಂತಾರೆ. ಬೂಟ್ ಲನ್ ವಿಷಯದಲ್ಲಿ ಇಲ್ಲಿ ಸಡಿಲ ಬಿಡಬೇಡಿ. ಒಂದು ಬೂಟ್ ಲನ್ ಒಂದೇ ಸರ್ವರ್‌ಗೆ, ಇನ್ಯಾರಿಗೂ ಕಾಣಬಾರದು. ಡೇಟಾ ಲನ್‌ಗಳನ್ನು ಕ್ಲಸ್ಟರ್‌ನಲ್ಲಿ ಹಂಚಿಕೊಳ್ಳುತ್ತಾರೆ ನಿಜ, ಆದರೆ ಅಲ್ಲಿ ಯಾರು ಯಾವಾಗ ಬರೆಯಬೇಕು ಅಂತ ನೋಡಿಕೊಳ್ಳುವ ಸಾಫ್ಟ್‌ವೇರ್ ಇರುತ್ತದೆ. ಬೂಟ್ ಲನ್‌ಗೆ ಅಂಥದ್ದು ಯಾವುದೂ ಇಲ್ಲ. ಎರಡು ಸರ್ವರ್‌ಗಳು ಒಂದೇ ಫೈಲ್ ಸಿಸ್ಟಮ್‌ಗೆ ತಮ್ಮ ಪಾಡಿಗೆ ತಾವು ಬರೆಯಲು ಶುರು ಮಾಡಿದರೆ ಮೊದಲ ದಿನ ಏನೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಎರಡರದ್ದೂ ಕಥೆ ಮುಗಿದಿರುತ್ತದೆ. ಬೂಟ್ ಲನ್‌ಗೆ ಸರ್ವರ್ ಕಡೆಯಿಂದ ನೋಡಿದಾಗ ನಂಬರ್ 0 ಕೊಡಿ. ಕಡ್ಡಾಯ ಅಲ್ಲ, ಆದರೆ ಕೆಲವು ಹಳೆಯ ಕಾರ್ಡುಗಳು ಬೇರೆ ನಂಬರಿನಿಂದ ಬೂಟ್ ಆಗಲು ತಕರಾರು ಮಾಡುತ್ತವೆ, ಮತ್ತೆ ನಾಳೆ ನಿಮ್ಮ ಜಾಗಕ್ಕೆ ಬರುವವರಿಗೂ ಬೂಟ್ ಲನ್ ಯಾವುದು ಅಂತ ಹುಡುಕುವ ಕೆಲಸ ಇರುವುದಿಲ್ಲ. ಸೈಜ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ವರ್ಚುವಲ್ ಯಂತ್ರ ಓಡಿಸುವ ಇಎಸ್‌ಎಕ್ಸ್‌ಐ 7 ಕ್ಕೆ ಕನಿಷ್ಠ 32 ಜಿಬಿ ಬೇಕು, ವಿಂಡೋಸ್ ಸರ್ವರ್‌ಗೆ ನಾನು 120 ಜಿಬಿಗಿಂತ ಕಡಿಮೆ ಕೊಡುವುದಿಲ್ಲ, ಲಿನಕ್ಸ್‌ಗೆ 80 ಕೊಟ್ಟರೆ ಆರಾಮ.

ಇನ್‌ಸ್ಟಾಲ್ ಮಾಡುವಾಗ ಒಂದೇ ದಾರಿ ಇಟ್ಟುಕೊಳ್ಳಿ. ನಿಮ್ಮಲ್ಲಿ ಎರಡು ಎಚ್‌ಬಿಎ ಪೋರ್ಟು, ಪ್ರತಿಯೊಂದಕ್ಕೂ ಎರಡು ಕಂಟ್ರೋಲರ್, ಒಟ್ಟು ನಾಲ್ಕು ದಾರಿ. ಇನ್‌ಸ್ಟಾಲರ್‌ಗೆ ಒಂದೇ ಲನ್ ನಾಲ್ಕು ಡಿಸ್ಕ್ ಆಗಿ ಕಾಣುತ್ತದೆ, ವಿಂಡೋಸ್ ಇನ್‌ಸ್ಟಾಲರ್‌ಗಂತೂ ಇದರಿಂದ ಗಲಿಬಿಲಿ. ಮೂರು ದಾರಿಗಳ ಝೋನ್ ತಾತ್ಕಾಲಿಕವಾಗಿ ತೆಗೆದು, ಆ ಲನ್ ಯಾವ ಕಂಟ್ರೋಲರ್‌ನ ಸುಪರ್ದಿಯಲ್ಲಿದೆಯೋ ಅದರ ಕಡೆಯ ಒಂದು ದಾರಿ ಮಾತ್ರ ಬಿಡಿ. ಡೇಟಾ ಲನ್‌ಗಳನ್ನೂ ಆ ಹೊತ್ತಿಗೆ ಮಾಸ್ಕ್ ಮಾಡಿ ಮರೆಮಾಡಿ. ಇನ್‌ಸ್ಟಾಲರ್‌ನಲ್ಲಿ ತಪ್ಪು ಡಿಸ್ಕ್ ಫಾರ್ಮ್ಯಾಟ್ ಮಾಡಿ ಕಣ್ಣೀರು ಹಾಕಿದವರ ಕಥೆ ಈ ಕಸುಬಿನಲ್ಲಿ ಬೇಕಾದಷ್ಟಿದೆ. ಒಳಗಿನ ಹಳೆಯ ಡಿಸ್ಕ್‌ಗಳನ್ನು ಎಳೆದು ಹೊರಗಿಡಿ, ಇಲ್ಲದಿದ್ದರೆ ಬೂಟ್ ಲೋಡರ್ ಹೋಗಿ ಅದರಲ್ಲಿ ಕೂತಿರುತ್ತದೆ. ಆಮೇಲೆ ಡಿಸ್ಕ್ ತೆಗೆದ ದಿನ ಸರ್ವರ್ ಏಳುವುದಿಲ್ಲ.

ವಿಂಡೋಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಗಾಬರಿ ಬೇಡ, ಬಹಳ ಸಲ ಅದರಲ್ಲಿ ನಿಮ್ಮ ಕಾರ್ಡಿನ ಡ್ರೈವರ್ ಇರುವುದಿಲ್ಲ. ಪೆನ್‌ಡ್ರೈವ್‌ನಲ್ಲಿ ಮೊದಲೇ ಹಾಕಿಟ್ಟುಕೊಳ್ಳಿ. ಇನ್‌ಸ್ಟಾಲ್ ಮಾಡಿದ್ದು ಯುಇಎಫ್‌ಐ ಮೋಡ್‌ನಲ್ಲೋ ಹಳೆಯ ಬಯಾಸ್ ಮೋಡ್‌ನಲ್ಲೋ ಅನ್ನುವುದೂ ನೆನಪಿರಲಿ, ಕಾರ್ಡಿನ ಸೆಟ್ಟಿಂಗ್, ಸರ್ವರ್ ಸೆಟ್ಟಿಂಗ್, ಪೆನ್‌ಡ್ರೈವ್ ಮೂರೂ ಒಂದೇ ಮೋಡ್‌ನಲ್ಲಿರಬೇಕು. ಯುಇಎಫ್‌ಐನಲ್ಲಿ ಬೂಟ್ ಎಂಟ್ರಿ ಸರ್ವರ್‌ನ ಮದರ್‌ಬೋರ್ಡ್‌ನಲ್ಲಿ ಉಳಿಯುತ್ತದೆ, ಲನ್‌ನಲ್ಲಲ್ಲ. ಹಾಗಾಗಿ ಮದರ್‌ಬೋರ್ಡ್ ಬದಲಾಯಿಸಿದರೆ ಎಂಟ್ರಿಯನ್ನು ಹೊಸದಾಗಿ ಸೇರಿಸಬೇಕಾಗಬಹುದು.

ಈಗ ಮಲ್ಟಿಪಾತ್, ಅಂದರೆ ನಾಲ್ಕು ದಾರಿಯನ್ನೂ ಒಂದೇ ಡಿಸ್ಕ್ ಆಗಿ ತೋರಿಸಿ, ಒಂದು ದಾರಿ ಕಡಿದರೆ ಇನ್ನೊಂದಕ್ಕೆ ದಾಟಿಸುವ ಸಾಫ್ಟ್‌ವೇರ್. ಇಲ್ಲೇ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಎಲ್ಲ ಸರಿಯಾಗಿದೆ ಅಂತ ಕಂಡು ಸರಿ ಇಲ್ಲದಿರುವುದು ಇಲ್ಲೇ. ವಿಂಡೋಸ್‌ನಲ್ಲಿ ಇದಕ್ಕಿರುವ ಎಂಪಿಐಒ ಫೀಚರ್ ಹಾಕಿ ರೀಸ್ಟಾರ್ಟ್ ಮಾಡಿ, ಆಮೇಲೆ ಒಂದೊಂದೇ ದಾರಿ ವಾಪಸ್ ಕೊಡಿ. ಲಿನಕ್ಸ್‌ನಲ್ಲಿ ಮಲ್ಟಿಪಾತ್ ಪ್ಯಾಕೇಜ್ ಹಾಕಿ ಆನ್ ಮಾಡಿದರೆ ಸಾಲದು, ಅದು ಇನಿಟ್‌ರಾಮ್‌ಎಫ್‌ಎಸ್ ಒಳಗೂ ಹೋಗಬೇಕು. ರೂಟ್ ಡಿಸ್ಕ್ (ಆಪರೇಟಿಂಗ್ ಸಿಸ್ಟಮ್ ಇರುವುದು) ಮೌಂಟ್ ಆಗುವುದಕ್ಕೆ ಮುಂಚೆ ಓಡುವ ಚಿಕ್ಕ ಲಿನಕ್ಸ್ ಅದು. ಅದಕ್ಕೆ ಮಲ್ಟಿಪಾತ್ ಗೊತ್ತಿಲ್ಲದಿದ್ದರೆ ನಾಲ್ಕು ದಾರಿಯಲ್ಲಿ ಮೊದಲು ಸಿಕ್ಕಿದ್ದನ್ನು ಹಿಡಿದುಕೊಂಡು ರೂಟ್ ಮೌಂಟ್ ಮಾಡಿಬಿಡುತ್ತದೆ. ಆಮೇಲೆ ಎದ್ದ ಮಲ್ಟಿಪಾತ್ ಸರ್ವಿಸ್‌ಗೆ ಆ ಡಿಸ್ಕ್ ಕೈಗೆ ಸಿಗುವುದೇ ಇಲ್ಲ, ಅದು ಆಗಲೇ ಬಳಕೆಯಲ್ಲಿದೆಯಲ್ಲ. ರೆಡ್‌ಹ್ಯಾಟ್ ಥರದ್ದಾದರೆ ಡ್ರಾಕಟ್ ಅನ್ನುವ ಕಮಾಂಡ್‌ನಿಂದ ಮಲ್ಟಿಪಾತ್ ಸೇರಿಸಿ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಬೇಕು. ಡೆಬಿಯನ್, ಉಬುಂಟು ಕಡೆ ಇದಕ್ಕೆಂದೇ ಮಲ್ಟಿಪಾತ್-ಟೂಲ್ಸ್-ಬೂಟ್ ಅಂತ ಬೇರೆ ಪ್ಯಾಕೇಜ್ ಇದೆ. ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅಂತ ಬರೆಯುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಎಸ್‌ಡಿಎ, ಎಸ್‌ಡಿಬಿ ಅಂತ ಎಲ್ಲೂ ಬರೆಯಬೇಡಿ, ಆ ಹೆಸರುಗಳು ಪ್ರತಿ ಬೂಟ್‌ಗೂ ಜಾಗ ಬದಲಿಸಬಹುದು.

ನೋಡಿ ತಿಳಿಯುವುದು ಹೇಗೆ? ಮಲ್ಟಿಪಾತ್ ಕಮಾಂಡ್‌ಗೆ ಎರಡು ಎಲ್ ಸೇರಿಸಿ ಓಡಿಸಿ. ಒಂದು ಲನ್ ಹೆಸರು, ಅದರ ಕೆಳಗೆ ನಾಲ್ಕು ಸಾಲು, ಪ್ರತಿ ಸಾಲಿನಲ್ಲೂ ಆಕ್ಟಿವ್, ರೆಡಿ, ರನ್ನಿಂಗ್ ಅಂತ ಇರಬೇಕು. ಎರಡೆರಡು ಸಾಲು ಬೇರೆ ಬೇರೆ ಗುಂಪಿನಲ್ಲಿ, ಬೇರೆ ಬೇರೆ ಪ್ರಯಾರಿಟಿಯಲ್ಲಿ ಕಂಡರೆ ಹೆದರಬೇಡಿ, ಲನ್ ಯಾವ ಕಂಟ್ರೋಲರ್‌ನದ್ದೋ ಅದರ ದಾರಿಗಳಿಗೆ ಮರ್ಯಾದೆ ಜಾಸ್ತಿ ಅಷ್ಟೆ.

ಆಮೇಲೆ ಕೇಬಲ್ ಎಳೆಯಿರಿ. ಹೌದು, ಕೈಯಲ್ಲೇ. ಸರ್ವರ್ ಓಡುತ್ತಿರುವಾಗ ಒಂದು ದೊಡ್ಡ ಫೈಲ್ ಕಾಪಿ ಹಚ್ಚಿ ಒಂದು ಫೈಬರ್ ತೆಗೆಯಿರಿ. ಕಾಪಿ ಕೆಲವು ಸೆಕೆಂಡ್ ತಡವರಿಸಿ ಮುಂದುವರಿಯಬೇಕು. ವಾಪಸ್ ಹಾಕಿ, ನಾಲ್ಕೂ ದಾರಿ ಬಂದವಾ ಅಂತ ನೋಡಿಕೊಂಡೇ ಇನ್ನೊಂದನ್ನು ತೆಗೆಯಿರಿ. ನಾನು ಮೊದಲ ಸಲ ಈ ಪರೀಕ್ಷೆ ಮಾಡಿದಾಗ ಎರಡನೇ ಕೇಬಲ್ ತೆಗೆದ ಕೂಡಲೇ ಸರ್ವರ್ ಕಲ್ಲಾಯಿತು. ಮೌಸ್ ಓಡುತ್ತದೆ, ಆದರೆ ಯಾವ ಕಮಾಂಡೂ ಬಾಯಿ ಬಿಡುವುದಿಲ್ಲ. ಡೇಟಾ ಲನ್‌ಗಳಿಗೆಲ್ಲ ಮಲ್ಟಿಪಾತ್ ಸರಿಯಾಗಿತ್ತು, ರೂಟ್ ಮಾತ್ರ ಒಂದೇ ದಾರಿಗೆ ಜೋತುಬಿದ್ದಿತ್ತು. ಅದನ್ನು ಗ್ರಾಹಕರ ಮುಂದೆ ಕಂಡುಕೊಳ್ಳುವುದಕ್ಕಿಂತ ಖಾಲಿ ಸರ್ವರ್‌ನಲ್ಲಿ ಕಂಡುಕೊಳ್ಳುವುದು ವಾಸಿ. ಇನ್ನೂ ಒಂದು ಪರೀಕ್ಷೆ ಬಹಳ ಜನ ಬಿಟ್ಟುಬಿಡುತ್ತಾರೆ. ಒಂದು ಸ್ವಿಚ್ ಪೂರ್ತಿ ಆಫ್ ಮಾಡಿ, ಆಗ ಸರ್ವರ್ ರೀಸ್ಟಾರ್ಟ್ ಮಾಡಿ. ಓಡುವ ಸರ್ವರ್‌ಗೆ ನಾಲ್ಕು ದಾರಿ ಇದ್ದರೂ, ಬೂಟ್ ಆಗುವಾಗ ಕಾರ್ಡಿನ ಬಯಾಸ್‌ಗೆ ನೀವು ಬರೆದುಕೊಟ್ಟ ದಾರಿಗಳು ಮಾತ್ರ ಗೊತ್ತು. ಮೊದಲ ಕಾರ್ಡ್ ಪೋರ್ಟಿನಲ್ಲಿ ಒಂದು ಟಾರ್ಗೆಟ್ ಬರೆದು ಎರಡನೆಯದನ್ನು ಖಾಲಿ ಬಿಟ್ಟಿದ್ದರೆ ಆ ದಿನ ಏಳುವುದಿಲ್ಲ. ಎರಡೂ ಪೋರ್ಟಿನಲ್ಲಿ ಬೂಟ್ ಬಯಾಸ್ ಆನ್ ಮಾಡಿ, ಎರಡರಲ್ಲೂ ಟಾರ್ಗೆಟ್ ಬರೆಯಿರಿ, ಸರ್ವರ್‌ನ ಬೂಟ್ ಆರ್ಡರ್‌ನಲ್ಲಿ ಎರಡನ್ನೂ ಒಂದರ ಕೆಳಗೊಂದು ಇಡಿ.

ಟೈಮ್ಔಟ್ ಬಗ್ಗೆ ಒಂದು ಮಾತು. ಕಂಟ್ರೋಲರ್ ಒಂದರಿಂದ ಇನ್ನೊಂದಕ್ಕೆ ಕೈ ಬದಲಾಯಿಸುವಾಗ ಕೆಲವು ಸೆಕೆಂಡ್ ಎಲ್ಲ ದಾರಿಗಳೂ ಮುಚ್ಚಿದಂತೆ ಕಾಣಬಹುದು. ಆಗ ಮಲ್ಟಿಪಾತ್ ತಕ್ಷಣ ಫೇಲ್ ಅಂದುಬಿಟ್ಟರೆ ಲಿನಕ್ಸ್ ರೂಟ್ ಅನ್ನು ರೀಡ್-ಓನ್ಲಿ ಮಾಡಿಬಿಡಬಹುದು, ಸರ್ವರ್ ಬದುಕಿದ್ದೂ ಸತ್ತಂತೆ. ಡೇಟಾ ಲನ್ ಏನೇ ಇರಲಿ, ರೂಟ್ ಲನ್‌ಗೆ ಕಾಯುವ ಸೆಟ್ಟಿಂಗ್ ಕೊಡಿ. ವಿಂಡೋಸ್‌ನಲ್ಲಿ ಡಿಸ್ಕ್ ಟೈಮ್ಔಟ್ ಸಾಮಾನ್ಯವಾಗಿ 60 ಸೆಕೆಂಡ್ ಇಡುತ್ತಾರೆ, ನಿಮ್ಮ ಸ್ಟೋರೇಜ್ ಕಂಪನಿಯ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದನ್ನೇ ಕೇಳಿ. ಮೆಮೊರಿ ಸಾಲದಾಗ ಬಳಸುವ ಸ್ವಾಪ್ ಮತ್ತು ಪೇಜ್‌ಫೈಲ್ ಸ್ಯಾನ್‌ನಲ್ಲೇ ಇರಬಹುದು, ತೊಂದರೆ ಇಲ್ಲ, ಆದರೆ ಮೆಮೊರಿ ಸಾಲದೆ ದಿನವಿಡೀ ಸ್ವಾಪ್ ಮಾಡುವ ಸರ್ವರ್ ಇದ್ದರೆ ಮೊದಲು ಅದಕ್ಕೆ ರ‍್ಯಾಮ್ ಹಾಕಿ.

ನಮ್ಮ ಕಡೆಯ ಇನ್ನೊಂದು ಕಾಟ ಶೀತ. ಫೈಬರ್ ಗಾಜು, ಸಿಡಿಲಿನ ಕರೆಂಟ್ ಅದರೊಳಗೆ ಹರಿಯುವುದಿಲ್ಲ, ಅದೊಂದು ನೆಮ್ಮದಿ. ಆದರೆ ಕನೆಕ್ಟರ್ ತುದಿಗೆ ಧೂಳು ಕೂತು ಅದರ ಮೇಲೆ ಮಳೆಗಾಲದ ತೇವ ಹಿಡಿದರೆ ಲಿಂಕ್ ಹಸಿರಾಗಿಯೇ ಇದ್ದು ಒಳಗೊಳಗೇ ಎರರ್ ಎಣಿಸುತ್ತಿರುತ್ತದೆ. ಸ್ವಿಚ್‌ನಲ್ಲಿ ಪೋರ್ಟಿನ ಸಿಆರ್‌ಸಿ ಎರರ್ ಕೌಂಟರ್ (ದಾರಿಯಲ್ಲಿ ಕೆಟ್ಟ ಡೇಟಾದ ಲೆಕ್ಕ) ಸೊನ್ನೆ ಮಾಡಿ ವಾರ ಬಿಟ್ಟು ನೋಡಿ. ಏರುತ್ತಿದ್ದರೆ ಫೈಬರ್ ಕ್ಲೀನರ್ ಪೆನ್‌ನಿಂದ ತುದಿ ಒರೆಸಿ, ಶರ್ಟಿನ ತುದಿಯಿಂದಲ್ಲ. ಬಳಸದ ಪೋರ್ಟಿಗೆ ಮುಚ್ಚಳ ಹಾಕಿಡಿ. ಹಳೆಯ ಕೇಬಲ್ ಉದ್ದ ಎಳೆದಿದ್ದರೆ ಅದನ್ನೂ ನೋಡಿಕೊಳ್ಳಿ, ಒಎಂ3 ದರ್ಜೆಯ ಫೈಬರ್ ಕೇಬಲ್ 8 ಜಿಬಿಪಿಎಸ್‌ನಲ್ಲಿ 150 ಮೀಟರ್ ಹೋಗುತ್ತದೆ, 16 ಕ್ಕೆ ಏರಿಸಿದರೆ 100 ಮೀಟರ್‌ಗೆ ನಿಲ್ಲುತ್ತದೆ.

ಶಾಖೆಯಲ್ಲಿ ಫೈಬರ್ ಚಾನಲ್ ಇಲ್ಲ, ಐಸ್ಕಸಿ ಮೇಲೆ, ಅಂದರೆ ಸಾಮಾನ್ಯ ನೆಟ್‌ವರ್ಕ್ ಮೇಲೆ, ಇದೇ ಮಾಡಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ ಅಂತ ಗೊತ್ತು. ಮಾಡಬಹುದು. ನೆಟ್‌ವರ್ಕ್ ಕಾರ್ಡಿನ ಸೆಟಪ್‌ನಲ್ಲಿ ಸರ್ವರ್‌ನ ಐಪಿ, ಸ್ಟೋರೇಜ್‌ನ ಐಪಿ, ಪೋರ್ಟ್ 3260, ಎರಡೂ ಕಡೆಯ ಐಕ್ಯೂಎನ್ ಹೆಸರು ಬರೆಯಬೇಕು. ಐಪಿ ಕೈಯಲ್ಲೇ ಬರೆಯಿರಿ, ಡಿಎಚ್‌ಸಿಪಿ ನಂಬಬೇಡಿ. ಆಮೇಲೆ ಆ ಕಾರ್ಡಿನ ನೆಟ್‌ವರ್ಕ್ ಸರ್ವಿಸ್ ಅನ್ನು ಯಾರೂ ಸುಮ್ನೆ ರೀಸ್ಟಾರ್ಟ್ ಮಾಡಬಾರದು, ಕೂತ ಕೊಂಬೆ ಕಡಿದುಕೊಂಡ ಹಾಗಾಗುತ್ತದೆ.

ಈಗ ಆಗ ಬಾಕಿ ಇಟ್ಟ ಕರೆಂಟಿನ ವಿಷಯ. ಸ್ವಿಚ್ ಮತ್ತು ಸ್ಟೋರೇಜ್ ಕರೆಂಟ್ ಬಂದ ಕೂಡಲೇ ತಾವಾಗಿಯೇ ಆನ್ ಆಗಲಿ. ಆ ನಾಲ್ಕು ಸರ್ವರ್‌ಗಳ ಬಯಾಸ್‌ನಲ್ಲಿ ಕರೆಂಟ್ ವಾಪಸ್ ಬಂದರೆ ಆಫ್ ಆಗಿಯೇ ಇರು ಅನ್ನುವ ಸೆಟ್ಟಿಂಗ್ ಹಾಕಿ. ತಡಮಾಡಿ ಆನ್ ಆಗು ಅನ್ನುವ ಸೆಟ್ಟಿಂಗೂ ಇರುತ್ತದೆ, ಆದರೆ ಕೆಲವು ಸರ್ವರ್‌ಗಳಲ್ಲಿ ಅದು ಒಂದೆರಡು ನಿಮಿಷಕ್ಕಿಂತ ಮೇಲೆ ಹೋಗುವುದಿಲ್ಲ, ಸ್ಟೋರೇಜ್‌ಗೆ ಅದು ಸಾಲದು. ಬೂಟ್ ಸಿಗದಿದ್ದರೆ ಮತ್ತೆ ಮತ್ತೆ ಪ್ರಯತ್ನಿಸು ಅನ್ನುವ ಆಯ್ಕೆ ಇದ್ದರೆ ಅದನ್ನೂ ಆನ್ ಮಾಡಿ, ನಷ್ಟವೇನಿಲ್ಲ. ಒಳಗೆ ಎಸ್‌ಎಸ್‌ಡಿ ಹಾಕಿಟ್ಟುಕೊಳ್ಳಿ ಅಂದೆನಲ್ಲ, ಆ ಎರಡು ಸರ್ವರ್‌ಗಳಲ್ಲಿ ಒಂದರಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದಿಡಿ. ಅದು ತಾನು ಎದ್ದ ಮೇಲೆ ಸ್ಟೋರೇಜ್‌ನ ಎರಡೂ ಕಂಟ್ರೋಲರ್ ಸ್ಥಿತಿ ಕೇಳುತ್ತಾ ಇರಲಿ, ಬರೀ ಪಿಂಗ್ ಸಾಲದು, ಮ್ಯಾನೇಜ್‌ಮೆಂಟ್ ಪೋರ್ಟ್ ಪಿಂಗ್‌ಗೆ ಉತ್ತರ ಕೊಟ್ಟರೂ ಲನ್‌ಗಳು ಇನ್ನೂ ಹೊರಗೆ ಬಂದಿರುವುದಿಲ್ಲ. ಎರಡೂ ಆನ್‌ಲೈನ್ ಅಂದ ಮೇಲೆ ಇನ್ನೂ ಎರಡು ನಿಮಿಷ ಕಾದು, ದೂರದಿಂದ ಸರ್ವರ್ ಆನ್-ಆಫ್ ಮಾಡಿಸುವ ಐಪಿಎಂಐ ಮೂಲಕ ಒಂದೊಂದೇ ಸರ್ವರ್‌ಗೆ ಪವರ್ ಆನ್ ಹೇಳಲಿ, ಮಧ್ಯೆ ಒಂದು ನಿಮಿಷ ಬಿಟ್ಟು. ಯುಪಿಎಸ್ ಬ್ಯಾಟರಿ ಇಳಿಯುವಾಗ ಇದರ ಉಲ್ಟಾ ಕ್ರಮ, ಮೊದಲು ಸರ್ವರ್‌ಗಳು ಕ್ಲೀನಾಗಿ ಶಟ್‌ಡೌನ್ ಆಗಬೇಕು, ಕೊನೆಗೆ ಸ್ಟೋರೇಜ್. ತೀರ್ಥಹಳ್ಳಿ ಕಡೆಯ ಆ ಕಚೇರಿಗೆ ಆಮೇಲೆ ಇದನ್ನೇ ಹಾಕಿಕೊಟ್ಟೆ. ಈಗ ಬೆಳಗಿನ ಜಾವ ಫೋನ್ ಬಂದರೆ ಅದು ಡೀಸೆಲ್ ಬಗ್ಗೆ ಮಾತ್ರ.

ಇಷ್ಟೆಲ್ಲ ಕಷ್ಟ ಯಾಕೆ ಅಂತ ನಿಮ್ಮ ಆಡಳಿತ ಮಂಡಳಿಯವರು ಕೇಳಬಹುದು. ಪ್ಯಾಚ್ ಹಾಕುವ ಮುಂಚೆ ಬೂಟ್ ಲನ್‌ನ ಸ್ನ್ಯಾಪ್‌ಶಾಟ್ (ಆ ಕ್ಷಣದ ಪ್ರತಿ) ತೆಗೆದು, ಕೆಟ್ಟರೆ ಕೆಲವೇ ನಿಮಿಷದಲ್ಲಿ ಹಿಂದಕ್ಕೆ ಹೋಗಬಹುದು. ಸರ್ವರ್ ಸತ್ತರೆ ಅದೇ ಮಾದರಿಯ ಇನ್ನೊಂದು ಸರ್ವರ್‌ಗೆ ಝೋನ್ ಮತ್ತು ಮಾಸ್ಕಿಂಗ್ ಬದಲಾಯಿಸಿ ಅದೇ ಲನ್ ತೋರಿಸಿ, ಕಾರ್ಡಿನ ಟಾರ್ಗೆಟ್ ಮತ್ತು ಬೂಟ್ ಎಂಟ್ರಿ ಬರೆದರೆ ಸಾಕು, ಇನ್‌ಸ್ಟಾಲ್ ಮತ್ತೆ ಮಾಡಬೇಕಿಲ್ಲ. ಹೇಳಿಕೊಳ್ಳಲು ಇವೆರಡು ಸಾಕು. ಡಿಸ್ಕಿನ ದುಡ್ಡು ಉಳಿಯುತ್ತದೆ ಅಂತ ಮಾತ್ರ ಹೇಳಬೇಡಿ, ಎರಡು ಎಸ್‌ಎಸ್‌ಡಿಯ ಬೆಲೆಗಿಂತ ಸ್ಟೋರೇಜ್‌ನಲ್ಲಿನ ಜಾಗ ಅಗ್ಗವೇನಲ್ಲ.

ನಾಲ್ಕನ್ನೂ ಒಂದೇ ಭಾನುವಾರ ಹಿಡಿಯಬೇಡಿ. ಕಡಿಮೆ ಕೆಲಸ ಇರುವ ಒಂದನ್ನು ಮೊದಲು ಮಾಡಿ, ಅದರ ಹಳೆಯ ಡಿಸ್ಕ್‌ಗಳಿಗೆ ಚೀಟಿ ಅಂಟಿಸಿ ಬೀರುವಿನಲ್ಲಿಡಿ, ತಿಂಗಳು ಬಿಡಿ. ಮಲ್ಟಿಪಾತ್‌ನ ಆ ನಾಲ್ಕು ಸಾಲಿನ ಫೋಟೋ ನನಗೂ ಕಳಿಸಿ. ಮೂರೇ ಸಾಲು ಕಂಡರೆ ಎರಡನೇ ಸರ್ವರ್‌ಗೆ ಕೈ ಹಾಕಬೇಡಿ, ಮೊದಲು ಆ ನಾಲ್ಕನೆಯದು ಎಲ್ಲಿ ಹೋಯಿತು ಅಂತ ಹುಡುಕೋಣ.